ಟ್ರಂಕಿನ ಉದ್ಯಾಪನೆ

ಮಸಾಲೆ ಡಬ್ಬಿಯಲ್ಲಿ ದಗಡಫೂಲ ಇರಲಿಲ್ಲ. ರಾಜಮತಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು, ತಾಟಿನ ಮೇಲೆ ಬೋರಲು ಹಾಕಿ ನೋಡಿದಳು. ಲವಂಗ ಇತ್ತು, ದಾಲ್ಚಿನ್ನಿ ಇತ್ತು, ಮೆಣಸು ಇತ್ತು. ಕಲ್ಲಿನ ಮೇಲೆ, ಮರದ ತೊಗಟೆಯ ಮೇಲೆ ತಾನಾಗಿ ಬೆಳೆದು, ಒಣಗಿದ ಮೇಲೆ ಸುಟ್ಟ ಕಾಗದದ ಚೂರಿನಂತೆ ಸುರುಟಿಕೊಳ್ಳುವ ಆ ಕಲ್ಲುಹೂವು ಎಂಬ ಒಂದು ಜಿನಸು ಮಾತ್ರ ಇಲ್ಲ. ಹೋದ ರವಿವಾರವಷ್ಟೇ ಕಿರಾಣಿ ಅಂಗಡಿಯಿಂದ ತರಿಸಿದ್ದು. ದಗಡಫೂಲ ಕದಿಯುವ ಕಳ್ಳರಿದ್ದಾರೆಂದು ಅವಳು ತನ್ನ ಎಪ್ಪತ್ನಾಲ್ಕು ವರ್ಷಗಳಲ್ಲಿ ಕೇಳಿರಲಿಲ್ಲ. ಇಲಿ ಕೂಡ ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ.

ಮಧ್ಯಾಹ್ನ ಹಾಸಿಗೆ ಕೊಡವುವಾಗ ಕಳವಿನ ಮಾಲು ಸಿಕ್ಕಿತು. ಮೊಮ್ಮಗಳು ಸುಹಾಸಿನಿಯ ದಿಂಬಿನ ಕೆಳಗೆ ಒಂದು ಕರವಸ್ತ್ರದ ಗಂಟು; ಬಿಚ್ಚಿದರೆ ದಗಡಫೂಲ, ಅದರ ಜೊತೆಗೆ ಒಂದು ಭೂತಗನ್ನಡಿ. ಸುಹಾಸಿನಿ ಅಲ್ಲೇ, ಗೋಡೆಯ ಕಡೆಗೆ ಮುಖ ಮಾಡಿ ನೆಲದ ಮೇಲೆ ಮಲಗಿದ್ದಳು. ಇಪ್ಪತ್ತಾರು ದಿನಗಳಿಂದ ಹಾಗೇ ಇದ್ದಳು.

ಇಪ್ಪತ್ತಾರು ದಿನಗಳ ಹಿಂದೆ ಈ ಹುಡುಗಿ ಬೇರೆಯೇ ಇದ್ದಳು. ವಯಸ್ಸು ಇಪ್ಪತ್ನಾಲ್ಕು. ಎರಡು ವರ್ಷದ ಮೇಲಾಯಿತು, ದಿನಾ ಬೆಳಿಗ್ಗೆ ಶಹಾಪುರದ ಈ ಮನೆಯಿಂದ ಹೊರಟು, ಬೆಳಗಾವಿ ಸ್ಟೇಷನ್ನಿನಲ್ಲಿ ಗಾಡಿ ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದಳು. ಅಲ್ಲಿ ಬಾಳಾಸಾಹೇಬ ಎಂಬ ಕುಂಬಾರನ ಅಂಗಳದಲ್ಲಿ ಮಣ್ಣು ತುಳಿದು, ತಿಗರಿ ತಿರುಗಿಸಿ, ಸಂಜೆ ಮೊಣಕೈವರೆಗೆ ಕೆಂಪಾಗಿ ಮನೆಗೆ ಬರುತ್ತಿದ್ದಳು. ಊಟಕ್ಕೆ ಕೂತರೂ ಮಣ್ಣಿನದೇ ಮಾತು. ಯಾವ ಕೆರೆಯ ಮಣ್ಣು ಒಣಗುವಾಗ ಎಷ್ಟು ಕುಗ್ಗುತ್ತದೆ, ಭಟ್ಟಿಯ ಯಾವ ಮೂಲೆಯಲ್ಲಿಟ್ಟ ಗಡಿಗೆ ಸೀಳುತ್ತದೆ ಎಂದು ರೊಟ್ಟಿ ತಣ್ಣಗಾಗುವವರೆಗೆ ಹೇಳುತ್ತಿದ್ದಳು. ಬಾಳಾಸಾಹೇಬನ ಮಗ ಜೆಸಿಬಿ ನಡೆಸುತ್ತಿದ್ದ. ದಿನವಿಡೀ ಮಣ್ಣು ಅಗೆಯುವವನು, ಮನೆಗೆ ಬಂದರೆ ಅಪ್ಪನ ಮಣ್ಣನ್ನು ಮುಟ್ಟುತ್ತಿರಲಿಲ್ಲ. ಹೀಗಾಗಿ ಮುದುಕ ಈ ಹುಡುಗಿಯನ್ನು ಬಲು ಹಚ್ಚಿಕೊಂಡ. ನನ್ನ ಹಿಂದೆ ಈ ಅಂಗಳ ನಡೆಸುವವಳು ಇವಳೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

"ಸಾರಿಗೆ ಹಾಕೂದನ್ನ ತಲಿಕೆಳಗ ಇಟಗೊಂಡು ಮಲಗೀದಿ?" ರಾಜಮತಿ ಗಂಟನ್ನು ಮುಂದೆ ಹಿಡಿದಳು.

ಸುಹಾಸಿನಿ ಎದ್ದು ಕೂತಳು. ಕಿವಿ ಕೆಂಪಾಗಿದ್ದವು. "ಡಬ್ಬಿಯಾಗ ಹಾಕು ಆಯಿ. ನಾ ಇನ್ನ ನೋಡೂದಿಲ್ಲ."

"ನೋಡಿದ್ರ ಏನಾಗತೈತಿ? ಸವೀತೈತೇನು?"

"ಸುರೂ ಆಗತೈತಿ."

"ಏನು?"

"ಮತ್ತೊಂದು."

ರಾಜಮತಿ ಹಾಸಿಗೆಯ ಅಂಚಿಗೆ ಕೂತಳು. ಕೂತರೆ ಮಾತಾಡಿಸುವವಳಲ್ಲ ಆಕೆ. ಸುಮ್ಮನೆ ಕೂತಿರುತ್ತಾಳೆ, ಎದುರಿನವರೇ ತಡೆಯಲಾರದೆ ಮಾತಾಡುತ್ತಾರೆ. ಆವತ್ತೂ ಹಾಗೇ ಆಯಿತು.

"ಒಂದಿನ ಕಾಕಾನ ಅಂಗಳಕ್ಕ ಹೋದೆ," ಎಂದಳು ಸುಹಾಸಿನಿ, ತನ್ನ ಬೆರಳುಗಳನ್ನೇ ನೋಡುತ್ತಾ. "ಮಣ್ಣು ಬರೇ ಮಣ್ಣಾಗಿತ್ತು. ಹಿಂದಿನ ದಿನಾ ಹಂಗಿದ್ದಿಲ್ಲ. ಕೈ ಹಚ್ಚಿದೆ, ಏನೂ ಆಗಲಿಲ್ಲ. ಎದ್ದು ಹಿಂದಿನ ಗ್ವಾಡಿ ಕಡೆ ಹೋದೆ. ಗ್ವಾಡಿ ತುಂಬ ಇದು ಇತ್ತು ಆಯಿ, ದಗಡಫೂಲದ ಜಾತಿಯವು. ಬೂದಿ ಬಣ್ಣದ್ದು, ಅರಿಶಿಣದ್ದು, ಅಂಚಿಗೆ ಕಪ್ಪು ದಾರ ಹೊಲದಂಗ ಇರೂದು. ಮೂರು ತಾಸು ನಿಂತಿದ್ದೆ. ಹೊಳ್ಳಿ ನೋಡಿದ್ರ ಕಾಕಾ ಹೊಸಾ ತಿಗರಿ ಹೂಡಾಕತ್ತಿದ್ದರು. ಕರೆಂಟಿಂದು. ನನಗಂತ ತರಿಸಿದ್ದು." ದಿಂಬನ್ನು ತೊಡೆಗೆ ಎಳೆದುಕೊಂಡು ಹೇಳಿದಳು, "ನಾ ಮೋಸಗಾರ್ತಿ ಆಯಿ. ಪ್ರತಿ ಸಲಾ ಹಿಂಗ ಮಾಡ್ತೇನಿ."

ಹೋದ ವರ್ಷ ಸದಾಶಿವನಗರದ ಡಾಕ್ಟರಬಾಯಿಯೊಬ್ಬಳು ಈ ಸ್ವಭಾವಕ್ಕೆ ಹೆಸರು ಹೇಳಿದ್ದಳು. ಒಂದಲ್ಲ, ಎರಡು ಹೆಸರು: ಆಟಿಸಂ, ಎಡಿಎಚ್‌ಡಿ. ರಾಜಮತಿ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಹೆಸರು ಬಾಯಿಗೆ ಹತ್ತಲಿಲ್ಲ, ಅರ್ಥ ಮಾತ್ರ ಗಟ್ಟಿಯಾಗಿ ಕೂತಿತು. ಇಂಥವರ ಮನಸ್ಸು ಒಂದನ್ನು ಹಿಡಿದರೆ ಹಸಿವು ನಿದ್ದೆ ಮರೆತು ಹಿಡಿಯುತ್ತದೆ. ಆ ಹಿಡಿತ ಒಂದು ದಿನ ತಾನಾಗಿ ಸಡಿಲಾಗಿ ಇನ್ನೊಂದರ ಕಡೆ ಸರಿಯುತ್ತದೆ. ಎರಡೂ ಅವರು ಬೇಕೆಂದು ಮಾಡುವುದಲ್ಲ. ಡಾಕ್ಟರಬಾಯಿ ಇಷ್ಟು ಹೇಳಿದಾಗ ರಾಜಮತಿ, "ಹೌದ್ರಿ, ಮೊದಲಿಂದ ಹಿಂಗ ಅದಾಳ. ಆಕಿ ಕೆಟ್ಟಾಕಿ ಅಲ್ಲ," ಎಂದಿದ್ದಳು. ಆ ಮಾತನ್ನು ಸುಹಾಸಿನಿ ಕೂಡ ಕೇಳಿದ್ದಳು. ಕೇಳಿದರೂ ಒಳಗಿಳಿದಿರಲಿಲ್ಲ.

ಸಂಜೆ ಮಗ ಉತ್ತಮ ಆಟೋ ನಗರದ ತನ್ನ ಗ್ಯಾರೇಜು ಮುಚ್ಚಿ ಬಂದ. ಕೈಗೆ ಹತ್ತಿದ ಎಣ್ಣೆ ತೊಳೆಯುತ್ತಾ ಮಗಳ ಕೋಣೆಯ ಕಡೆ ಕತ್ತು ಹೊರಳಿಸಿದ.

"ಇವತ್ತೂ ಹೋಗಿಲ್ಲ? ಬಸ್ಸು ಆತು, ಮಳಿ ಆತು, ರೇಡಿಯೋ ಆತು, ಈಗ ಮಣ್ಣೂ ಆತು. ಹತ್ತು ಕಟ್ಟೂ ಕಡೆ ಒಂದು ಮುತ್ತು ಕಟ್ಟು ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನು?"

"ಹಿರ್ಯಾಕಿ ಇಲ್ಲೇ ಕುಂತೀನಿ," ಎಂದಳು ರಾಜಮತಿ. "ನಾ ಹೇಳಿಲ್ಲ. ಉಣ್ಣ ಬಾ."

ಅವನು ಕೆಟ್ಟವನಲ್ಲ. ಮಗಳ ಚಿಂತೆ ಅವನ ಬಾಯಲ್ಲಿ ಕುಹಕವಾಗಿ ಬರುತ್ತಿತ್ತು, ಅಷ್ಟೇ. ಅವನ ಹೆಂಡತಿ ನೇತ್ರಾ ಬಡಿಸಿದಳು. ಬಡಿಸುವಾಗಲೇ ಕಟ್ಟೆಯ ಮೇಲಿದ್ದ ಸುಹಾಸಿನಿಯ ಮೊಬೈಲು ಹೊಡೆದುಕೊಂಡಿತು. ಕೋಣೆಯೊಳಗಿನಿಂದ ಚಾದರ ಎಳೆದುಕೊಳ್ಳುವ ಸಪ್ಪಳ. ರಾಜಮತಿ ಎದ್ದು ಫೋನು ಎತ್ತಿದಳು.

"ಪೋರಿಗೆ ಆರಾಮ ಇಲ್ಲೇನ್ರಿ?" ಬಾಳಾಸಾಹೇಬನ ದನಿ. "ಇಪ್ಪತ್ತು ಸಲಾ ಫೋನ್ ಹಚ್ಚೀನಿ. ಹೊಸಾ ತಿಗರಿ ಸುಮ್ಮನ ಕುಂತೈತಿ. ನಾ ಮುಟ್ಟಿಲ್ಲ ಅಕ್ಕಾರ, ಮೊದಲು ಆಕಿ ಕೈ ಬೀಳಲಿ ಅಂತ."

"ಬರ್ತಾಳ," ಎಂದಳು ರಾಜಮತಿ. "ಎರಡು ದಿನಾ ತಡೀರಿ. ನಾನ ಕರಕೊಂಡು ಬರ್ತೇನಿ."

ಫೋನು ಇಟ್ಟ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು. ಕರೆದುಕೊಂಡು ಹೋಗಿ ಏನು ಮಾಡುವುದು? ತಿಗರಿಗೆ ಕೂಡಿಸಿದರೆ ಹುಡುಗಿ ಒಳಗೊಳಗೇ ಸಾಯುತ್ತಾಳೆ. ಬಿಟ್ಟರೆ, ಬಿಟ್ಟೆನೆಂಬ ಸಂಕಟದಲ್ಲಿ ಹಾಸಿಗೆ ಹಿಡಿಯುತ್ತಾಳೆ. ಮಣ್ಣಿಗೆ ಹೋಗಲಾರಳು, ದಗಡಫೂಲಕ್ಕೆ ಕೈ ಚಾಚಲಾರಳು. ಇಪ್ಪತ್ತಾರು ದಿನಗಳಿಂದ ನಡುಹೊಸ್ತಿಲಲ್ಲಿ ನಿಂತಿದ್ದಾಳೆ. ಅಲ್ಲಿಂದ ಅವಳನ್ನು ಎತ್ತಬೇಕು.

ಮರುದಿನ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ರಾಜಮತಿ ಮೊಮ್ಮಗಳಿಗೆ ಹೇಳಿದಳು: "ನಿನ್ನ ಟ್ರಂಕು ತಗಿ."

ಆ ಟ್ರಂಕನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರ ಮನೆಗಳಲ್ಲಿ ಕ್ಷಮಾವಣಿ ಮಾಡುತ್ತಾರೆ. ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಚಿಕ್ಕವರು ದೊಡ್ಡವರೆನ್ನದೆ ಒಬ್ಬರಿಗೊಬ್ಬರು ಕೈಮುಗಿಯುವ ದಿನ ಅದು. ಆ ದಿನ ಓಣಿಯವರೆಲ್ಲ ಮನೆಮನೆಗೆ ಹೋದರೆ ಸುಹಾಸಿನಿ ಮಾತ್ರ ಕದ ಮುಂದೆ ಮಾಡಿಕೊಂಡು ಟ್ರಂಕಿನ ಮುಂದೆ ಕೂರುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಹಾಗೇ. ಏನೋ ಹುಡುಗಾಟಿಕೆ ಎಂದುಕೊಂಡಿದ್ದರು ಮನೆಯವರು. ಈ ವರ್ಷ ಎರಡು ತಾಸು ಕೂತಿದ್ದಳು.

"ಒಳಗ ಏನೈತಿ?"

"ಬಿಟ್ಟದ್ದೆಲ್ಲಾ."

ಟ್ರಂಕು ತೆರೆದುಕೊಂಡಿತು. ಮಳೆ ಅಳೆಯುವ ಬಾಟಲಿ, ಅದರ ಜೊತೆ ಮೂರು ವರ್ಷದ ಮಳೆಯ ಲೆಕ್ಕ ಬರೆದ ವಹಿ. ಬಿಚ್ಚಿದ ರೇಡಿಯೋಗಳ ಹೊಟ್ಟೆಯೊಳಗಿನ ತಂತಿ, ತಾಮ್ರದ ಸುರುಳಿ, ಬೆಸುಗೆ ಹಾಕುವ ಕಡ್ಡಿ. ಎಲ್ಲದಕ್ಕೂ ಚೀಟಿ ಕಟ್ಟಿತ್ತು, ಚೀಟಿಯ ಮೇಲೆ ಶುರುವಾದ ತಾರೀಖು, ನಿಂತ ತಾರೀಖು. ಸುಹಾಸಿನಿ ಒಂದೊಂದನ್ನೇ ಎತ್ತಿಟ್ಟಳು. "ಕ್ಷಮಾವಣಿ ದಿನಾ ಇವಕ್ಕ ಕ್ಷಮಾ ಕೇಳ್ತೇನಿ. ನನ್ನ ನಂಬಿದ್ದವು ಇವು."

ಎಲ್ಲಕ್ಕಿಂತ ಕೆಳಗೆ ನಾಲ್ಕು ಸಣ್ಣ ವಹಿಗಳಿದ್ದವು. ಬೆಳಗಾವಿ ಸ್ಟ್ಯಾಂಡಿನಿಂದ ಹೊರಡುವ, ಸುತ್ತಲಿನ ಊರುಗಳಿಂದ ಅಲ್ಲಿಗೆ ಬರುವ ಬಸ್ಸುಗಳೆಲ್ಲ ಅದರಲ್ಲಿದ್ದವು, ಊರು, ವೇಳೆ, ಬಸ್ಸಿನ ನಂಬರು ಸಮೇತ. ಏಳು ವರ್ಷದ ಮಗುವಿನ ದುಂಡು ಅಕ್ಷರ. ಒಂದು ವಹಿಯ ಮೂಲೆ ಸುಟ್ಟು ಕರಕಾಗಿತ್ತು.

ರಾಜಮತಿ ಆ ಸುಟ್ಟ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು. ಓಣಿಯಲ್ಲಿ ಯಾರ ಲಗ್ನ ಯಾವ ವರ್ಷ ಆಯಿತು, ಯಾವ ಮನೆಯ ಬಾಣಂತನಕ್ಕೆ ಯಾರು ಅಂಟಿನುಂಡೆ ಕಟ್ಟಿದರು ಎಂದು ಕೇಳಿದವರಿಗೆ ತಟ್ಟನೆ ಹೇಳುವವಳು ಅವಳು. ಆದರೆ ತಾನು ಆಡಿದ ಒಂದು ಮಾತನ್ನು ಪೂರ್ತಿ ಮರೆತುಬಿಟ್ಟಿದ್ದಳು. ಈಗ ನೆನಪಾಯಿತು. ಒಂಬತ್ತು ವರ್ಷದ ಸುಹಾಸಿನಿ, ಬಸ್ಸಿನ ಗೀಳು ಬಿಟ್ಟ ದಿನ, ಈ ವಹಿಗಳನ್ನು ನೀರು ಕಾಯಿಸುವ ಬಂಬಿನ ಒಲೆಗೆ ಹಾಕಲು ತಂದು, ಒಂದನ್ನು ಹಾಕಿಯೂ ಬಿಟ್ಟಿದ್ದಳು. ರಾಜಮತಿ ಕಟ್ಟಿಗೆ ಒಳಗೆ ದೂಡುತ್ತಾ, ಕೆಲಸದ ಗಡಿಬಿಡಿಯಲ್ಲಿ ಅಂದಿದ್ದಳು: "ಹಿಡದದ್ದು ನಡುವ ಬಿಡಬಾರದವ್ವಾ. ನಡುವ ಬಿಟ್ಟ ನೋಂಪಿ ಬೆನ್ನು ಬಿಡೂದಿಲ್ಲ." ನೋಂಪಿ ಎಂದರೆ ಹೆಂಗಸರು ಇಷ್ಟು ವರ್ಷ ಎಂದು ಹಿಡಿಯುವ ವ್ರತ. ಬೇರೆ ಮಕ್ಕಳಾಗಿದ್ದರೆ ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತಿತ್ತು. ಈ ಮಗು ಮಾತನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವಂಥದ್ದು. ಉರಿಗೆ ಕೈ ಹಾಕಿ ವಹಿಯನ್ನು ಎಳೆದುಕೊಂಡಿತ್ತು. ಬೆರಳಿಗೆ ಬೊಕ್ಕೆ ಎದ್ದಿತ್ತು, ರಾಜಮತಿಯೇ ತುಪ್ಪ ಸವರಿದ್ದಳು.

ಹದಿನೈದು ವರ್ಷ ಆ ಮಾತು ಈ ಟ್ರಂಕಿನ ತಳದಲ್ಲಿ ಕೂತಿತ್ತು.

ರಾಜಮತಿ ವಹಿಯನ್ನು ಮೊಮ್ಮಗಳ ಮುಂದೆ ಸರಿಸಿದಳು. ಆಮೇಲೆ ಎರಡೂ ಕೈ ಜೋಡಿಸಿದಳು.

"ಕ್ಷಮಾವಣಿ ಹೋಗಿ ಹತ್ತು ದಿನಾ ಆತು. ತಡಾ ಆದ್ರೂ ಕೇಳ್ತೇನಿ. ನನ್ನ ಕ್ಷಮಾ ಮಾಡು ಸುಹಾಸಿ."

"ಆಯಿ, ಬಿಡು ಹಂಗೆಲ್ಲಾ..." ಹುಡುಗಿ ಗಾಬರಿಯಾದಳು.

"ನಡುವ ಬಿಟ್ಟ ನೋಂಪಿ ಅಂದಿದ್ದೆ ನಾ ಅವತ್ತು. ತಪ್ಪು ಅಂದೆ. ನನ್ನ ಅತ್ತಿ ಕಥಿ ಕೇಳು. ಐದು ವರ್ಷದ ನೋಂಪಿ ಹಿಡದಿದ್ಲು. ಐದು ಮುಗೀತು, ಉದ್ಯಾಪನೆ ಮಾಡಲಿಲ್ಲ. ಉದ್ಯಾಪನೆ ಅಂದ್ರ ಮುಗೀತು ಅಂತ ಕೈಮುಗದು ಹಣ್ಣು ಕಾಯಿ ಕೊಟ್ಟು ಏಳೂದು. ಎದ್ದರ ಏನು ಕೇಡು ಆಗತೈತೋ ಅಂತ ಅಂಜಿಕಿ. ಆರು ಆತು, ಎಂಟು ಆತು, ಹನ್ನೊಂದು ವರ್ಷಾ ಎಳದ್ಲು. ಉಪವಾಸದಾಗ ಜ್ವರಾ ಬಂದು ಬಿದ್ಲು. ಬಸದಿ ಉಪಾಧ್ಯೆಯವರು ಮನಿಗೆ ಬಂದ್ರು. ಬಾಗಲದಾಗ ನಿಂತು ಏನಂದ್ರು ಗೊತ್ತೈತೇನು? ಮುಗದದ್ದನ್ನ ಮುಗಸದ ಇಟಗೊಳ್ಳೂದು ಭಕ್ತಿ ಅಲ್ಲ ತಂಗೀ, ಅದು ಅಂಜಿಕಿ, ಅಂದ್ರು. ಮರುದಿನಾನ ಉದ್ಯಾಪನೆ ಆತು. ಆಮ್ಯಾಲೆ ಇಪ್ಪತ್ತು ವರ್ಷ ನನ್ನ ಜೋಡಿ ಜಗಳಾಡಕೋತ ಆರಾಮ ಬದುಕಿದ್ಲು."

ಸುಹಾಸಿನಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಅವಳು ಮಾತನ್ನು ತೂಗಿ ನೋಡದೆ ಒಪ್ಪುವವಳಲ್ಲ. "ಆದ್ರ ನೋಂಪಿಗೆ ಮೊದಲ ಇಷ್ಟು ವರ್ಷ ಅಂತ ಹೇಳಿರ್ತಾರ. ನನಗ ಯಾರೂ ಹೇಳಿರೂದಿಲ್ಲ. ಮುಗೀತು ಅಂತ ಹೆಂಗ ಅನ್ನೂದು?"

ರಾಜಮತಿ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದಳು.

"ಮಣ್ಣು ಬರೇ ಮಣ್ಣಾತು ಅಂದ್ಯಲ್ಲ. ಅದು ಯಾವ ದಿನಾ?"

"ಮಂಗಳವಾರ. ಮುಂಜಾನೆ ಹತ್ತೂವರಿಗೆ."

"ನಿನಗಿಷ್ಟು ಖಾತ್ರಿ ಐತಿ. ನನ್ನ ಅತ್ತಿಗೂ ಇಷ್ಟು ಖಾತ್ರಿ ಇದ್ದಿಲ್ಲ. ನಿನ್ನ ನೋಂಪಿಯ ಅವಧಿ ಮುಂದಾಗಿ ಗೊತ್ತಾಗೂದಿಲ್ಲ, ಮುಗದ ದಿನಾನ ಗೊತ್ತಾಗತೈತಿ. ಅಷ್ಟ ಫರಕು. ನೀ ಯಾವುದನ್ನೂ ನಡುವ ಬಿಟ್ಟಿಲ್ಲ. ಉದ್ಯಾಪನೆ ಒಂದು ಬಾಕಿ ಉಳಿಸಿದ್ದಿ, ಅದೂ ನನ್ನ ಮಾತಿನ್ಯಾಗ ಸಿಕ್ಕು."

ಸುಹಾಸಿನಿ ಚೀಟಿಗಳನ್ನು ನೋಡಿದಳು. ಶುರುವಾದ ತಾರೀಖು, ನಿಂತ ತಾರೀಖು. ನಿಂತ ಎಂಬ ಮಾತನ್ನು ಹೊಡೆದು ಹಾಕಿ ಮುಗಿದ ಎಂದು ಬರೆದಳು. ಒಂದು ಚೀಟಿಗೆ ಬರೆದಳು, ಇನ್ನೊಂದಕ್ಕೆ ಬರೆದಳು. ಎಲ್ಲಕ್ಕೂ ಬರೆದು ಮುಗಿಸಿದಾಗ ಹೊತ್ತು ಹೊರಳಿತ್ತು. ಆವತ್ತು ಅವಳು ತಾನಾಗಿ ಎರಡು ರೊಟ್ಟಿ ಕೇಳಿ ಉಂಡಳು.

ಉದ್ಯಾಪನೆಯಲ್ಲಿ ಕೊಡುವುದು ಮುಖ್ಯ. ಮಳೆಯ ಬಾಟಲಿ ಓಣಿಯ ಶಾಲೆಯ ಮಾಸ್ತರರಿಗೆ ಹೋಯಿತು. ಬೆಸುಗೆಯ ಕಡ್ಡಿಯನ್ನು ಸಂಜೆ ಉತ್ತಮನ ಕೈಗೆ ಕೊಟ್ಟಳು, ಮೂರು ವರ್ಷ ಎರಡು ತಿಂಗಳು ಎಂದು ಹೇಳಿ, ಜೊತೆಗೊಂದು ಬಾಳೆಹಣ್ಣು ಇಟ್ಟು. ಅವನು ಏನೋ ಅನ್ನಲು ಬಾಯಿ ತೆರೆದವನು ತಾಯಿಯ ಮುಖ ನೋಡಿ ಮುಚ್ಚಿದ. ಕಡ್ಡಿಯ ಚೂಪನ್ನು ಬೆರಳಿನಿಂದ ಪರೀಕ್ಷಿಸಿ, "ನಮ್ಮ ಹುಡುಗರು ತಂದದ್ದಕ್ಕಿಂತ ಛಲೋ ಐತಿ," ಎಂದ. ಬಸ್ಸಿನ ವಹಿಗಳನ್ನು ಮಾತ್ರ ಸುಹಾಸಿನಿ ಇಟ್ಟುಕೊಂಡಳು. "ಎಲ್ಲಾ ಕೊಡಬೇಕೇನು?" ಎಂದು ಕೇಳಿದ್ದಳು. "ಬ್ಯಾಡ. ನೋಂಪಿ ದಾರ ಯಾರೂ ದಾನಾ ಮಾಡೂದಿಲ್ಲ," ಎಂದಿದ್ದಳು ರಾಜಮತಿ.

ಉಳಿದದ್ದು ಮಣ್ಣು. ಅದಕ್ಕೆ ಖಾನಾಪುರಕ್ಕೇ ಹೋಗಬೇಕು.

ಇಬ್ಬರೂ ಮರುದಿನ ಗಾಡಿ ಹತ್ತಿದರು. ದೇಸೂರ ದಾಟುವವರೆಗೆ ಸುಹಾಸಿನಿ ಕೈಯಲ್ಲಿನ ಚೀಟಿ ನೋಡಿ ತುಟಿ ಅಲ್ಲಾಡಿಸುತ್ತಿದ್ದಳು. ಹೇಳಬೇಕಾದ ಮಾತನ್ನು ಬರೆದುಕೊಂಡಿದ್ದಳು. ಇದಲಹೊಂಡ ಬರುವಾಗ ಚೀಟಿ ಬೆವರಿಗೆ ಒದ್ದೆಯಾಗಿತ್ತು.

"ನೀ ಹೇಳ್ತಿಯೇನು ಆಯಿ?"

"ನಿನ್ನ ನೋಂಪಿ ನಾ ಹೆಂಗ ಮುಗಸಲಿ? ಬಾಜುಕ ಕುಂದರ್ತೇನಿ."

"ಅವರಿಗೆ ಬ್ಯಾಸರಾದ್ರ?"

"ಆಗತೈತಿ," ಎಂದಳು ರಾಜಮತಿ. "ಆಗಬಾರದು ಅಂತ ಎಲ್ಲಿ ಐತಿ? ಬ್ಯಾಸರಕ್ಕ ಮಂದಿ ಸಾಯೂದಿಲ್ಲ."

ಬಾಳಾಸಾಹೇಬನ ಅಂಗಳದಲ್ಲಿ ಹಸಿ ಕುಂಡಗಳು ನೆರಳಿಗೆ ಒಣಗುತ್ತಿದ್ದವು. ಮುದುಕ ಓಡಿ ಬಂದ. "ಬರ್ರಿ ಅಕ್ಕಾರ, ಕುಂದರ್ರಿ. ಅನುರಾಧಾ, ಚಾ ಇಡವಾ." ಸೊಸೆ ಅನುರಾಧಾ ಮೊದಲು ನೀರು ತಂದಳು. ಬೈಲಹೊಂಗಲ ಕಡೆಯ ಹುಡುಗಿ. ಈ ಮರಾಠಿ ಮನೆಗೆ ಬಂದು ಆರು ವರ್ಷವಾಗಿತ್ತು. ಬಾಜುವಿಗೆ ಹೊಸ ತಿಗರಿ, ಅದರ ಮೇಲೆ ಹೊದಿಸಿದ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ.

ಸುಹಾಸಿನಿ ಚೀಲದಿಂದ ತಾಟು ತೆಗೆದು ಮುದುಕನ ಮುಂದಿಟ್ಟಳು. ತೆಂಗಿನಕಾಯಿ, ಐದು ಬಾಳೆಹಣ್ಣು, ಒಂದು ಟಾವೆಲ್ಲು. ಬಾಳಾಸಾಹೇಬನ ಮುಖ ಅರಳಿತು.

"ಹಾಂ, ಇದೇನು ಸುದ್ದಿ. ಲಗ್ನಾ ಗೊತ್ತಾತೇನು ಪೋರಿದು? ಅದಕ್ಕ ಫೋನ್ ಎತ್ತಲಿಲ್ಲ. ಹುಡುಗ ಯಾವ ಊರಾಂವ?"

"ಲಗ್ನಾ ಅಲ್ಲ ಕಾಕಾ," ಎಂದಳು ಸುಹಾಸಿನಿ. ಚೀಟಿ ಬಿಚ್ಚಿದಳು. ಅಕ್ಷರಗಳು ಬೆವರಿಗೆ ಕಲಸಿಹೋಗಿದ್ದವು. ಮಡಚಿ ಕೆಳಗಿಟ್ಟಳು. ಮುದುಕನ ಮುಖ ನೋಡದೆ, ಅವನ ಕೈಗಳನ್ನು ನೋಡುತ್ತಾ ಹೇಳಿದಳು: "ಎರಡು ವರ್ಷ ನಾಕು ತಿಂಗಳು ಹನ್ನೊಂದು ದಿನಾ ನಾ ಮಣ್ಣಿನ ಕೆಲಸಾ ಮಾಡಿದೆ. ನೀವು ಕಲಿಸಿದ್ರಿ. ಅದು ಈಗ ಮುಗೀತು. ನೀವು ತಿಗರಿ ತಂದ ದಿನಾನ ಮುಗೀತು, ಹೇಳಾಕ ಧೈರ್ಯಾ ಇದ್ದಿಲ್ಲ. ನಿಮ್ಮ ತಪ್ಪು ಏನೂ ಇಲ್ಲ. ನನ್ನದೂ ಇಲ್ಲ ಅಂತ ಆಯಿ ಹೇಳ್ತಾಳ. ನಾ ಇನ್ನ ಬರೂದಿಲ್ಲ, ಕೆಲಸಕ್ಕ."

ಆಮೇಲೆ ಮಣ್ಣು ಕತ್ತರಿಸುವ ತಂತಿ, ತಟ್ಟುವ ಹಲಗೆ, ನೀಲಿ ರಟ್ಟಿನ ಒಂದು ದಪ್ಪ ವಹಿ, ಒಂದೊಂದಾಗಿ ತಾಟಿನಲ್ಲಿಟ್ಟಳು.

ಬಾಳಾಸಾಹೇಬ ಎದ್ದು ಹೋಗಿ ಹರವಿಯ ನೀರಲ್ಲಿ ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ. ಅನುರಾಧಾ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು. ರಾಜಮತಿ ಬಾಜುವಿಗೆ ಕೂಡುತ್ತೇನೆ ಎಂದಿದ್ದಳು, ಕೂತಿದ್ದಳು.

"ಬ್ಯಾಸರ ಆತು," ಎಂದ ಮುದುಕ ತಿರುಗಿ ಬಂದು. "ಸುಳ್ಳು ಯಾಕ ಹೇಳಲಿ. ಭಾಳ ಬ್ಯಾಸರ ಆತು."

"ಹೂಂ," ಎಂದಳು ಸುಹಾಸಿನಿ.

"ಆದ್ರ ತಿಗರಿ ತಂದಾಂವ ನಾನು. ನೀ ತಾ ಅಂದಿದ್ದಿಲ್ಲ. ಊರಾಗ ಸಾರಿದಾಂವನೂ ನಾನ. ನಿನ್ನ ಒಂದು ಮಾತು ಕೇಳಿದ್ದಿಲ್ಲ." ಟಾವೆಲ್ಲು ಎತ್ತಿ ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಆಮೇಲೆ ಕೈ ಹೋದದ್ದು ನೀಲಿ ವಹಿಗೆ. "ಇದು ಭಟ್ಟಿ ಲೆಕ್ಕದ್ದಲ್ಲ? ಇದನ್ನ ಒಯ್ದಿದ್ದಿ ನೀ. ಹೋದ ವಾರ ಭಟ್ಟಿ ಹಾಕಿದೆ, ಹದಿನಾಲ್ಕು ಕುಂಡ ಸೀಳಿದ್ವು. ನೀ ಇದ್ದಾಗ ಎರಡು ಮೂರು ಸೀಳತಿದ್ವು."

ವಹಿಯನ್ನು ತೆರೆದು ಕಣ್ಣು ಕಿರಿದು ಮಾಡಿದ. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಬಾಳಾಸಾಹೇಬ ಮಾತಾಡುವುದು ಎರಡೂ ಭಾಷೆ. ಓದುವುದು ಮರಾಠಿ ಒಂದೇ. ಎರಡು ವರ್ಷ ಒಂದೇ ಅಂಗಳದಲ್ಲಿ ಕೂತು ದುಡಿದರೂ ಈ ಮಾತು ಇಬ್ಬರಿಗೂ ಹೊಳೆದಿರಲಿಲ್ಲ.

"ಪೂರಾ ಕನ್ನಡದಾಗ ಬರದೀಯಲ್ಲ ಪೋರಿ."

ಸುಹಾಸಿನಿ ವಹಿಯ ಕಡೆ ನೋಡಿದಳು. "ನೀವು ಕೇಳಿದ್ದಿಲ್ಲ ಕಾಕಾ."

ಅನುರಾಧಾ ಚಹಾ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ವಹಿ ತೆಗೆದುಕೊಂಡಳು. ನಿಂತೇ ಓದತೊಡಗಿದಳು. "ಮಲಪ್ರಭಾದ ಉಸುಕು ನಾಕಕ್ಕೊಂದು ಬಟ್ಟಲ... ಮಳಿಗಾಲದಾಗ ಐದು ದಿನಾ ಹೆಚ್ಚಿಗೆ ನೆರಳಿಗೆ... ಭಟ್ಟಿ ಬಾಯಿ ಕಡೆ ದೊಡ್ಡ ಕುಂಡ ಇಡಬಾರದು." ಓದುವುದನ್ನು ನಿಲ್ಲಿಸಿ ಮಾವನ ಕಡೆ ನೋಡಿದಳು. "ಇದನ್ನ ನಾನೂ ಹೇಳಿದ್ದೆನಲ್ಲರಿ ಮಾಮಾ? ಬಾಯಿ ಕಡೆ ದೊಡ್ಡವು ಬ್ಯಾಡಂತ?"

"ನೀ ಬರದು ಕೊಟ್ಟಿದ್ದಿಲ್ಲ," ಎಂದ ಬಾಳಾಸಾಹೇಬ.

"ಬರದಿದ್ರ ಓದ್ತಿದ್ರೇನು?"

ರಾಜಮತಿಗೆ ನಗು ಬಂತು. ಮುದುಕನೂ ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ ನಕ್ಕ. ಅನುರಾಧಾ ವಹಿಯ ಹಾಳೆ ತಿರುವುತ್ತಾ ಹೋಗಿ ಹೊಸ ತಿಗರಿಯ ಅಂಚಿಗೆ ಕೂತಳು. ಓದುತ್ತಲೇ ಒಂದು ಕೈಯಿಂದ ಪ್ಲಾಸ್ಟಿಕ್ಕಿನ ಗಂಟು ಬಿಚ್ಚುತ್ತಿದ್ದಳು. ಬಾಳಾಸಾಹೇಬ ಅದನ್ನು ನೋಡಿದ. ನೋಡಿ ತನ್ನ ಚಹಾದ ಬಟ್ಟಲು ಎತ್ತಿಕೊಂಡ.

ಚಹಾ ಆಯಿತು. ಹೊರಡುವ ಮೊದಲು ಬಾಳಾಸಾಹೇಬ ಕೇಳಿದ: "ಮಣ್ಣು ಬಿಟ್ಟಿ. ಈಗ ಏನು ಹಿಡದೀದಿ?"

ಸುಹಾಸಿನಿ ಆಯಿಯ ಕಡೆ ನೋಡಿದಳು. ರಾಜಮತಿ ಸೊಂಟದ ಚೀಲದಿಂದ ಕರವಸ್ತ್ರದ ಗಂಟನ್ನು ತೆಗೆದು ಅವಳ ಕೈಗಿಟ್ಟಳು, ಭೂತಗನ್ನಡಿ ಸಮೇತ.

"ನಿಮ್ಮ ಹಿಂದಿನ ಗ್ವಾಡಿ," ಎಂದಳು ಸುಹಾಸಿನಿ.

"ಗ್ವಾಡಿ?"

"ಗ್ವಾಡಿ ಮ್ಯಾಲಿಂದು."

ಮುದುಕ ತಲೆ ಕೆರೆದುಕೊಂಡ. "ಅದನ್ನ ದಸರಾಕ್ಕ ಕೆರದು ಸುಣ್ಣ ಬಳೀಬೇಕಂತಿದ್ದೆ." ಹುಡುಗಿಯ ಮುಖ ಕಂಡು ಕೈ ಬೀಸಿದ. "ಹೋಗ್ಲಿ ಬಿಡು. ಹಿಂದಿನ ಗ್ವಾಡಿ ಯಾರು ನೋಡ್ತಾರ. ಮುಂದಿಂದಕ್ಕ ಬಳೀತೇನಿ. ಕೆಲಸಕ್ಕ ಬರಬ್ಯಾಡ, ಗ್ವಾಡಿ ನೋಡಾಕ ಬಾ. ಚಾ ಅಂತೂ ಇರ್ತೈತಿ."

ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮಳೆ ಕುಡಿದು ಕಪ್ಪಾಗಿತ್ತು. ಸುಹಾಸಿನಿ ಅದರ ಮುಂದೆ ಮೊಣಕಾಲೂರಿ ಕೂತಳು. ಭೂತಗನ್ನಡಿ ಕಣ್ಣಿಗೆ ಹಿಡಿದಳು. ಅವಳ ಹೆಗಲು ಕೆಳಗಿಳಿದದ್ದು ಹಿಂದೆ ನಿಂತವರಿಗೂ ಕಂಡಿತು. ರಾಜಮತಿ ಒಂದು ಸೀಳಿದ ಕುಂಡವನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಳು.

"ಸಾರಿಗೆ ಹಾಕೂದು ಇದರಾಗ ಯಾವುದು?" ಎಂದು ಕೇಳಿದಳು.

ಅದಕ್ಕೆ ಬಂದ ಉತ್ತರ ಮುಕ್ಕಾಲು ತಾಸು ನಡೆಯಿತು. ಸಾರಿಗೆ ಹಾಕುವುದು ಇಲ್ಲಿಲ್ಲ, ಅದು ಮರದ ಮೇಲಿನ ಜಾತಿ. ಇದು ಒಂದು ಜೀವವಲ್ಲ, ಬೂಷ್ಟು ಮತ್ತು ಪಾಚಿ ಎಂಬ ಎರಡು ಜೀವ ಕೂಡಿ ಮಾಡಿದ ಸಂಸಾರ. ಈ ಅರಿಶಿಣದ ಮಚ್ಚೆ ಒಂದು ಬೆರಳಿನಷ್ಟು ಬೆಳೆಯಲು ರಾಜಮತಿಯ ಅರ್ಧ ಆಯುಷ್ಯ ಬೇಕು. ರಾಜಮತಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇಪ್ಪತ್ತೆಂಟು ದಿನಗಳ ಮೇಲೆ ಮೊಮ್ಮಗಳ ಬಾಯಿ ತುಂಬ ಮಾತು ಕೇಳಿಸುತ್ತಿತ್ತು, ಅದು ಪೂರ್ತಿ ತಿಳಿಯಿತು.

ದೂರದಲ್ಲಿ ಗಾಡಿಯ ಸೀಟಿ ಕೇಳಿಸಿತು.

"ನಮ್ಮ ಗಾಡಿ ಹೋತು," ಎಂದಳು ರಾಜಮತಿ.

"ಬಸ್ಸು ಐತಿ ಆಯಿ," ಸುಹಾಸಿನಿ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಐದು ಇಪ್ಪತ್ತಕ್ಕ ಒಂದು, ಐದು ಐವತ್ತಕ್ಕ ಒಂದು, ಆರು ಹತ್ತಕ್ಕ ಅಳ್ನಾವರದಿಂದ ಬರೂದು." ಆಮೇಲೆ ಅನುಮಾನ ಬಂದು ನಿಂತಳು. "ಅದು ಹದಿನೈದು ವರ್ಷದ ಹಿಂದಿನ ಟೈಮು. ಬದಲಾಗಿರಬೇಕು."

"ಬಸ್ಸಂತೂ ಬರ್ತಾವಲ್ಲ. ಕುಂದರು." ರಾಜಮತಿ ಚೀಲದಲ್ಲಿ ಕೈ ಹಾಕಿ ಒಂದು ಹೊಸ ವಹಿ ತೆಗೆದಳು. ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ, ಮೊಮ್ಮಗಳು ಟಿಕೀಟು ತೆಗೆಸುವಾಗ ಕೊಂಡದ್ದು. "ಉದ್ಯಾಪನೆ ಆದ ಮ್ಯಾಲೆ ಹೊಸಾ ನೋಂಪಿ ಹಿಡೀಬಹುದು. ಇವತ್ತಿನ ತಾರೀಖು ಹಾಕು."

ಸುಹಾಸಿನಿ ಪೆನ್ನು ತೆಗೆದಳು. ಮೊದಲ ಹಾಳೆಯ ಮೇಲೆ ಕೈ ಇಟ್ಟು ತಡೆದಳು.

"ಇವತ್ತಿಂದು ಸುಳ್ಳಾಗತೈತಿ ಆಯಿ. ಸುರೂ ಆಗಿ ಇಪ್ಪತ್ತೆಂಟು ದಿನಾ ಆತು."

ಎಂದವಳೇ, ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಕಳೆದ ಆ ದಿನಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು, ಆ ಮಂಗಳವಾರದ ತಾರೀಖನ್ನು ಬರೆದಳು. ಕೆಳಗೆ ವೇಳೆಯನ್ನೂ ಬರೆದಳು: ಬೆಳಿಗ್ಗೆ ಹತ್ತೂವರೆ. ಬರೆದು, ವಹಿಯನ್ನು ಆಯಿಯ ತೊಡೆಯ ಮೇಲಿಟ್ಟು, ಭೂತಗನ್ನಡಿ ಎತ್ತಿಕೊಂಡು ಗೋಡೆಯ ಇನ್ನೊಂದು ತುದಿಗೆ ಸರಿದಳು.